ನಡುವಿನ ಹೆಸರು

ನನ್ನ ತಂಗಿಗೆ ಹೆಣ್ಣು ಕೂಸು ಹುಟ್ಟಿದ ಹತ್ತನೆಯ ದಿನ ನಮ್ಮ ಮನೆಯಲ್ಲಿ ಒಂದು ಸಮಸ್ಯೆ ತಲೆದೋರಿತು. ಕೂಸಿನ ಹೆಸರೇನೋ ಮೊದಲೇ ನಿಶ್ಚಯವಾಗಿತ್ತು: ಇಂಚರ. ಇನಿದಾದ ದನಿ ಎಂದು ಅರ್ಥಕೊಡುವ ಈ ಹಳೆಯ ಮಾತನ್ನು ತಾಯಿತಂದೆಯರಿಬ್ಬರೂ ಒಪ್ಪಿ ಆರಿಸಿಕೊಂಡಿದ್ದರು. ಆದರೆ ಆ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಏನಿರಬೇಕು? “ನೀನು ಕನ್ನಡ ಪಾಠ ಹೇಳುವವನು. ಹೊಂದುವ ಹೆಸರೊಂದನ್ನು ನೀನೇ ಹುಡುಕಿಕೊಡು, ಅಣ್ಣ” ಎಂದು ತಂಗಿ ಭಾರವನ್ನು ನನ್ನ ಮೇಲೆ ಹೊರಿಸಿದಳು.

ಹಳೆಯ ಮೈಸೂರಿನ ಕಡೆಯವರಾದ ನಮಗೆ ಈ ಪ್ರಶ್ನೆ ಅಷ್ಟಾಗಿ ಕಾಡಿದ್ದಲ್ಲ. ಊರಿನ ಹೆಸರು, ತಂದೆಯ ಹೆಸರು ಮೊದಲು ಬಂದು, ಸ್ವಂತದ ಹೆಸರು ಕಡೆಯಲ್ಲಿ ನಿಲ್ಲುವುದು ನಮ್ಮ ವಾಡಿಕೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಂತೆ. ತಂಗಿಯನ್ನು ಕೊಟ್ಟಿರುವುದು ಧಾರವಾಡದ ಕಡೆಗೆ. ಅಲ್ಲಿ ಸ್ವಂತದ ಹೆಸರು ಮೊದಲು, ಮನೆತನದ ಹೆಸರು ಕಡೆಗೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಂತೆ. ಕ್ರಮ ತಿರುಗುಮುರುಗಾದರೂ ಒಂದು ಸಂಗತಿ ಎರಡಕ್ಕೂ ಸಮಾನ: ನಡುವಿನ ಸ್ಥಾನ ತಂದೆಯದೇ. ಕವಿತೆ ಬರೆಯುವಾಗ ‘ಅಂಬಿಕಾತನಯದತ್ತ’ನಾಗಿ ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡರು ನಿಜ, ಆದರೆ ಕಾವ್ಯನಾಮದ ಸ್ವಾತಂತ್ರ್ಯ ದಾಖಲೆಯ ಹೆಸರಿಗೆಲ್ಲಿ? ಹೆಣ್ಣುಮಕ್ಕಳ ವಿಷಯದಲ್ಲಂತೂ ತಂದೆಯ ಹೆಸರಿಗೂ ಅಲ್ಲಿ ಶಾಶ್ವತವಾದ ವಾಸವಿಲ್ಲ. ಮದುವೆಯಾದೊಡನೆ ಅದು ಎದ್ದು ಗಂಡನ ಹೆಸರಿಗೆ ಎಡೆಮಾಡಿಕೊಡುತ್ತದೆ.

ನಾನು ಪುಸ್ತಕಗಳ ಮೊರೆಹೊಕ್ಕೆ. ಹೆಣ್ಣಿನ ಹೆಸರಿನಲ್ಲಿ ಅಕ್ಷರಗಳ ಸಂಖ್ಯೆ ಬೆಸವಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಉಚ್ಚರಿಸಲು ಸುಲಭವಾಗಿ, ಅರ್ಥ ಸ್ಪಷ್ಟವಾಗಿ, ಕೇಳಲು ಹಿತವಾಗಿರಬೇಕೆಂದು ಮನುಸ್ಮೃತಿ ಹೇಳುತ್ತದೆ. ಅದೇ ಗ್ರಂಥ ಮುಂದೆ, ನಕ್ಷತ್ರ, ಮರ, ನದಿಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದೂ ಹೇಳುತ್ತದೆ! ಮನೆಮನೆಯಲ್ಲಿಯೂ ಒಬ್ಬ ಗಂಗೆಯನ್ನೋ ಕಾವೇರಿಯನ್ನೋ ಕರೆದ ನಮ್ಮ ನಾಡು ಪುಣ್ಯವಶಾತ್ ಆ ಮಾತಿಗೆ ಕಿವಿಗೊಡಲಿಲ್ಲ. ನಡುವಿನ ಹೆಸರಿನ ಬಗೆಗೆ ಮಾತ್ರ ಯಾವ ಸೂತ್ರವೂ ನನಗೆ ದೊರೆಯಲಿಲ್ಲ.

ಹೀಗಾಗಿ ನಾನು ಬಲ್ಲ ವ್ಯಾಕರಣ, ಛಂದಸ್ಸುಗಳೇ ನನಗೆ ಗತಿಯಾದುವು. ಇಂಚರ ಎಂಬುದು ಒಂದು ಗುರು, ಎರಡು ಲಘು. ಒಟ್ಟು ನಾಲ್ಕು ಮಾತ್ರೆ. ಅದರ ಮುಂದೆ ‘ಆಶಾ’ ಎಂದಿಟ್ಟೆ. ಸವರ್ಣದೀರ್ಘ ಸಂಧಿಯಾಗಿ ‘ಇಂಚರಾಶಾ’ ಎಂದು ಕೇಳಿಸಿತು; ಎರಡು ಹೆಸರು ಒಂದಾಗಿ ಎರಡೂ ಕೆಟ್ಟುವು. ‘ರಮ್ಯಾ’ ಎಂದರೆ ರಕಾರಕ್ಕೆ ರಕಾರ ಢಿಕ್ಕಿ ಹೊಡೆದು ನಾಲಗೆ ಎಡವಿತು. ‘ವಾಣಿ’ ಸೊಗಸಾಗಿತ್ತು, ಆದರೆ ದನಿಯ ಮೇಲೆ ದನಿಯಾಗಿ ಪುನರುಕ್ತಿದೋಷ. ‘ಅಪರಾಜಿತಾ’ ಎಂಬುದು ಅರ್ಜಿಯ ಚೌಕಗಳಲ್ಲಿ ಹಿಡಿಸುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಒಂಬತ್ತು ಹೆಸರುಗಳ ಪಟ್ಟಿಯೊಂದು ಸಿದ್ಧವಾಯಿತು.

ಮರುದಿನ ಬೀಗರು ಬಂದರು. ಪಟ್ಟಿಯನ್ನು ಓದಿ ಪಕ್ಕಕ್ಕಿಟ್ಟು, “ತಂದೀ ಹೆಸರು ನಡುವ ಇರಲಿಲ್ಲಂದ್ರ ಅದು ಎಂಥಾ ಹೆಸರ್ರೀ, ಮಾಸ್ತರ?” ಎಂದರು. ಅವರ ಮಾತಿನಲ್ಲಿ ಅಹಂಕಾರವಿರಲಿಲ್ಲ. ತಲೆತಲಾಂತರದಿಂದ ಬಂದ ಎಳೆ ತಮ್ಮ ಕಾಲದಲ್ಲಿ ಕಡಿಯಬಾರದೆಂಬ ಕಳಕಳಿಯಿತ್ತು. ತಂಗಿ ಮೆಲ್ಲನೆ ಉತ್ತರ ಕೊಟ್ಟಳು: ಜನನಪತ್ರದಲ್ಲಿ ತಂದೆಗೂ ತಾಯಿಗೂ ಬೇರೆಬೇರೆ ಅಂಕಣಗಳಿವೆ, ತಂದೆಯ ಹೆಸರು ಎಲ್ಲಿಯೂ ಕಳೆದುಹೋಗುವುದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ, 2024ರ ಮೇ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಗಳಲ್ಲಿ ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯದು, ತರುವಾಯ ತಂದೆಯದು, ಕಡೆಗೆ ಮನೆತನದ್ದು ಎಂಬ ಕ್ರಮ ಬಂದಿರುವುದನ್ನು ನಾನು ನೆನಪಿಸಿದೆ. ಅವಸರವೇನೂ ಇಲ್ಲವೆಂದೂ ಹೇಳಿದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದರೂ, ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಲು ಅವಕಾಶವಿದೆ. ಬೀಗರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಆಗ ತಂಗಿ, ಮೂಲೆಯಲ್ಲಿ ಕೂಸಿನ ಕುಲಾವಿ ಹೊಲಿಯುತ್ತ ಕುಳಿತಿದ್ದ ತನ್ನ ಅತ್ತೆಯ ಕಡೆಗೆ ತಿರುಗಿದಳು. “ಅತ್ತೆ, ರಮಾಬಾಯಿ ಎಂಬುದು ನಿಮಗೆ ಮದುವೆಯಲ್ಲಿ ಇಟ್ಟ ಹೆಸರಲ್ಲವೆ? ತವರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?”

ಅವರ ಕೈಯ ಸೂಜಿ ನಿಂತಿತು. “ಆ ಹೆಸರಲೇ ಕರಿಯೋರು ಯಾರೂ ಉಳದಿಲ್ಲವ್ವಾ. ಈಗ್ಯಾಕ ಅದು?” ಎಂದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೌನವನ್ನು ಮುರಿದವರು ಬೀಗರೇ. “ತುಂಗಾ ಅಂತಿತ್ತು” ಎಂದರು. “ಅಕ್ಕಿಯೊಳಗ ಹೊಸಾ ಹೆಸರು ಬರದಾವ ನಾನ.”

ತೀರ್ಥಹಳ್ಳಿಯಲ್ಲಿ ಹುಟ್ಟಿ, ಮನೆಯ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರನ್ನೇ ಹೊತ್ತು ಬೆಳೆದ ಹುಡುಗಿ ಅವರು. ಕೂಸಿಗೆ ಹೆಸರಿಡುವಾಗ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆಯುತ್ತೇವಷ್ಟೆ. ಅವರ ಮದುವೆಯ ದಿನವೂ ಅಂತಹದೇ ತಟ್ಟೆ, ಅಂತಹದೇ ಅಕ್ಕಿ. ಹದಿನೆಂಟು ವರ್ಷ ‘ಓ’ ಎಂದ ಹೆಸರು ಅಂದಿಗೆ ಮುಗಿಯಿತು. ಇದರಲ್ಲಿ ಯಾರನ್ನು ದೂಷಿಸೋಣ? ಹೊಸ ಹೆಸರು ಹೊಸ ಬಾಳಿನ ಮಂಗಳವೆಂದೇ ಎಲ್ಲರೂ ಎಣಿಸಿದ್ದರು. ಆದರೂ ಐವತ್ತು ವರ್ಷಗಳ ಮೇಲೆ ಆ ಎರಡಕ್ಷರ ಕಿವಿಗೆ ಬಿದ್ದಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡುದನ್ನು ನಾವೆಲ್ಲರೂ ಕಂಡೆವು.

ಇಂಚರ ತುಂಗಾ. ಮನಸ್ಸಿನಲ್ಲಿಯೇ ಹೇಳಿಕೊಂಡೆ. ಎರಡನೆಯ ವ್ಯಂಜನ ಬೇರೆಯಾದುದರಿಂದ ಶಾಸ್ತ್ರದ ಪ್ರಾಸವೆನ್ನುವಂತಿಲ್ಲ; ಆದರೆ ಎರಡೂ ಬಿಂದುವಿನಿಂದ ಮಿಡಿಯುತ್ತವೆ. ಅದಕ್ಕೂ ನಾಲ್ಕು ಮಾತ್ರೆ, ಇದಕ್ಕೂ ನಾಲ್ಕು. ಅಕ್ಷರ ಎರಡೇ ಆದುದರಿಂದ ಪಾರಸ್ಕರರಿಗೆ ಒಪ್ಪಿಗೆಯಾಗದು, ನದಿಯ ಹೆಸರಾದುದರಿಂದ ಮನುವಿಗೂ ಆಗದು. ನನ್ನ ಪಟ್ಟಿಯನ್ನು ಮಡಚಿ ಜೇಬಿಗೆ ಸೇರಿಸಿದೆ. ದಿನವೆಲ್ಲ ಹುಡುಕಿದರೂ ನನಗೆ ಈ ಹೆಸರು ಹೊಳೆದಿರಲಿಲ್ಲ, ಹೊಳೆಯುವುದಾದರೂ ಹೇಗೆ? ಅದು ಯಾವ ನಿಘಂಟಿನಲ್ಲಿಯೂ ‘ನಮ್ಮ ಕೂಸಿನ ಅಜ್ಜಿ’ ಎಂಬ ಅರ್ಥದಲ್ಲಿ ಇರಲಿಲ್ಲ.

ಶಿವಮೊಗ್ಗದ ಬಳಿ ಕೂಡಲಿಯಲ್ಲಿ ತುಂಗೆಗೆ ಭದ್ರೆ ಜೊತೆಯಾಗುತ್ತಾಳೆ. ಅಲ್ಲಿಂದ ಮುಂದೆ ಹೊಳೆಯ ಹೆಸರು ತುಂಗಭದ್ರೆ. ಕೂಡಿದುದಕ್ಕಾಗಿ ಇಬ್ಬರಲ್ಲಿ ಒಬ್ಬಳೂ ಹೆಸರು ಬಿಡಬೇಕಾಗಲಿಲ್ಲ. ಈ ಮಾತನ್ನು ನಾನು ಬೀಗರಿಗೆ ಹೇಳಿದೆ. ಅವರು ನಕ್ಕು, “ಆತು, ಬರಕೋರಿ” ಎಂದರು.

ಹನ್ನೆರಡನೆಯ ದಿನ ತೊಟ್ಟಿಲ ಮುಂದೆ ಅಕ್ಕಿಯ ತಟ್ಟೆ ಬಂದಾಗ ಅವರು ತಮ್ಮ ಬೆರಳಿನ ಉಂಗುರ ತೆಗೆದು ಹೆಂಡತಿಯ ಕೈಗಿತ್ತರು. ಆ ತಾಯಿ ಮೊದಲು ಇಂಚರ ಎಂದು ಬರೆದರು; ಕ್ಷಣಕಾಲ ತಡೆದು, ಅದರ ಪಕ್ಕದಲ್ಲಿ ತುಂಗಾ ಎಂದು ಬರೆದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಎರಡನ್ನೂ ಉಸಿರಿದಳು.

ಹೆಸರು ಹುಡುಕುವ ತಾಯಿತಂದೆಯರಿಗೆ ನಾನು ಹೇಳಬಹುದಾದುದು ಇಷ್ಟೆ. ಎರಡು ಹೆಸರನ್ನೂ ಜೋಡಿಸಿ ಗಟ್ಟಿಯಾಗಿ ಕೂಗಿ ನೋಡಿ. ಸಂಧಿಯಲ್ಲಿ ಕೆಡದಿರಲಿ, ನಾಲಗೆಗೆ ಎಡರಾಗದಿರಲಿ. ಆದರೆ ಪಟ್ಟಿಮಾಡಲು ಕುಳಿತುಕೊಳ್ಳುವ ಮೊದಲು, ಮನೆಯ ಹಿರಿಯ ಹೆಂಗಸರ ಬಳಿಗೆ ಹೋಗಿ ಅವರ ಮೊದಲ ಹೆಸರೇನೆಂದು ಕೇಳಿ.