ಸೇವೆ, ಗೌರವಧನ, ವೇತನ: ಮಕ್ಕಳ ಪಾಲನೆಯಲ್ಲಿ ದುಡಿಯುವವರ ಪ್ರತಿಫಲವನ್ನು ಕುರಿತು

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವನ್ನಿಳಿಯುವ ರೈಲುಮಾರ್ಗದಲ್ಲಿ ಮೊದಲು ದೊರೆಯುವ ನಿಲ್ದಾಣ ದೋಣಿಗಲ್. ಅದರ ಸುತ್ತಣ ಬೆಟ್ಟಗಳು ಕಾಫಿಯ ನೆಲ. ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಗ್ಗೆ ತೋಟವನ್ನು ಸೇರಿದ ತಾಯಂದಿರು ಮನೆಗೆ ಹಿಂದಿರುಗುವುದು ಹೊತ್ತಿಳಿದ ಮೇಲೆಯೇ. ಅಲ್ಲಿಯವರೆಗೆ ಅವರ ಮಕ್ಕಳನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ಕಾಫಿ ಸೀಮೆಯಲ್ಲಿ ಈ ಹೊಣೆಯನ್ನು ಮೂರು ಬಗೆಯ ವ್ಯವಸ್ಥೆಗಳು ಹೊರಬಲ್ಲವು: ತೋಟದ ಶಿಶುವಿಹಾರ, ಸರ್ಕಾರದ ಅಂಗನವಾಡಿ, ಚರ್ಚಿನ ಮಕ್ಕಳ ಶಿಕ್ಷಣ. ಮೂರರಲ್ಲಿಯೂ ದುಡಿಮೆಯ ಸ್ವರೂಪ ಬಹುಮಟ್ಟಿಗೆ ಒಂದೇ; ಆದರೆ ಅದಕ್ಕೆ ಸಲ್ಲುವ ಪ್ರತಿಫಲದ ಹೆಸರು ಬೇರೆ ಬೇರೆ. ಮೊದಲನೆಯದು ಕೂಲಿ, ಎರಡನೆಯದು ಗೌರವಧನ, ಮೂರನೆಯದನ್ನು ಸಾಮಾನ್ಯವಾಗಿ ಸೇವೆಯೆಂದೇ ಕರೆಯುತ್ತೇವೆ. ಹೆಸರಿನ ಈ ಭೇದವು ನ್ಯಾಯವಾದ ಪ್ರತಿಫಲಕ್ಕೆ ಎಷ್ಟರಮಟ್ಟಿಗೆ ಅಡ್ಡಿಯಾಗಿದೆಯೆಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ತೋಟದ ಶಿಶುವಿಹಾರ. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು ಐವತ್ತಕ್ಕೆ ಮೇಲ್ಪಟ್ಟು ಹೆಂಗಸರು ದುಡಿಯುವ ತೋಟಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೊಠಡಿಗಳನ್ನು ಒದಗಿಸಬೇಕೆಂದು ವಿಧಿಸಿತು. ಆ ಕೊಠಡಿಗಳು ಶಿಶುಪಾಲನೆಯಲ್ಲಿ ತರಬೇತಿ ಪಡೆದ ಸ್ತ್ರೀಯೊಬ್ಬಳ ವಶದಲ್ಲಿರಬೇಕೆಂಬುದೂ ಅದರ ನಿಯಮವಾಗಿತ್ತು. ಕಾಯಿದೆಯಲ್ಲಿ 'ಕಾರ್ಮಿಕ' ಪದದ ವ್ಯಾಖ್ಯೆಯು ಕುಶಲ, ಅಕುಶಲ ಭೇದವಿಲ್ಲದೆ ಕೂಲಿಗಾಗಿ ನೇಮಿತರಾದವರನ್ನು ಒಳಗೊಂಡಿದ್ದುದರಿಂದ, ತೊಟ್ಟಿಲು ತೂಗುವ ಕೆಲಸವೂ ಗಿಡ ಸವರುವ ಕೆಲಸದಂತೆ ಕೂಲಿಗೆ ಅರ್ಹವಾದ ದುಡಿಮೆಯೆಂಬುದು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿತವಾಯಿತು. ೨೦೨೫ರ ನವೆಂಬರ್ ೨೧ರಂದು ನೂತನ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆಯ ಸ್ಥಾನವನ್ನು ಪಡೆದಿವೆಯಾದರೂ, ಅದು ನೆಲೆಗೊಳಿಸಿದ ತತ್ತ್ವವು ಗಮನಾರ್ಹವಾದುದು.

ಅಂಗನವಾಡಿಯ ಇತಿಹಾಸವು ಇದಕ್ಕಿಂತ ತೊಡಕಾದುದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾರ್ಯಕರ್ತೆಯು ಊರಿನವಳೇ ಆದ ಸ್ವಯಂಸೇವಕಿಯೆಂಬ ಭಾವನೆಯಿಂದ ಆಕೆಗೆ ವೇತನದ ಬದಲು ಗೌರವಧನವು ಗೊತ್ತಾಯಿತು. ಮೆಟ್ರಿಕ್ ಮುಗಿಸಿದವರಿಗೆ ತಿಂಗಳಿಗೆ ೧೫೦ ರೂಪಾಯಿ, ಮುಗಿಸದವರಿಗೆ ೧೦೦ ರೂಪಾಯಿ, ಸಹಾಯಕಿಗೆ ೩೫ ರೂಪಾಯಿ. ೨೦೧೮ರ ಅಕ್ಟೋಬರ್ ೧ರಿಂದ ಕೇಂದ್ರವು ಕಾರ್ಯಕರ್ತೆಗೆ ೪,೫೦೦ ರೂಪಾಯಿಗಳನ್ನೂ ಸಹಾಯಕಿಗೆ ೨,೨೫೦ ರೂಪಾಯಿಗಳನ್ನೂ ನಿಗದಿಮಾಡಿತು. ರಾಜ್ಯವು ಇದರ ಮೇಲೆ ತನ್ನ ಪಾಲನ್ನು ಸೇರಿಸುತ್ತದೆ. ಮೊತ್ತವು ಬೆಳೆಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹೆಸರು ಉಳಿದುದರ ಫಲವನ್ನು ಎರಡು ತೀರ್ಪುಗಳಲ್ಲಿ ಕಾಣಬಹುದು. ಕರ್ನಾಟಕದಿಂದಲೇ ಹೋದ ಅಮೀರ್‌ಬೀ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರಲ್ಲವೆಂದು ನಿರ್ಣಯಿಸಿತು. ಆದರೆ ಗುಜರಾತಿನ ಮಣಿಬೆನ್ ಮೊಕದ್ದಮೆಯಲ್ಲಿ, ೨೦೨೨ರ ಏಪ್ರಿಲ್ ೨೫ರಂದು, ಅದೇ ನ್ಯಾಯಾಲಯವು ೧೯೭೨ರ ಗ್ರಾಚ್ಯುಟಿ ಕಾಯಿದೆಯು ಇವರಿಗೂ ಅನ್ವಯಿಸುವುದೆಂದು ಹೇಳಿತು. ಕೆಲಸದ ಭಾರವನ್ನು ನೋಡಿದರೆ ಇದನ್ನು ಅರೆಕಾಲಿಕವೆನ್ನಲಾಗದು. ಗೌರವಧನವೆಂದು ಕೊಡುವ ಹಣವೂ ಆ ಕಾಯಿದೆಯ ದೃಷ್ಟಿಯಲ್ಲಿ ವೇತನವೇ, ಎಂಬುದು ಅಲ್ಲಿಯ ವಿಚಾರಸರಣಿ. ಮೊದಲನೆಯ ತೀರ್ಪು ಹುದ್ದೆಯನ್ನು ನೋಡಿತು, ಎರಡನೆಯದು ದುಡಿಮೆಯನ್ನು ನೋಡಿತು. ಎರಡರ ವಿಷಯವೂ ಬೇರೆಯಾದುದರಿಂದ ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಆದರೂ ಪ್ರತಿಫಲದ ಪ್ರಶ್ನೆಗೆ ದಾರಿ ತೋರುವುದು ಎರಡನೆಯದೇ.

ಇನ್ನು ಚರ್ಚು. ಇಲ್ಲಿ ಸೇವೆಯೆಂಬ ಮಾತಿಗೆ ಧಾರ್ಮಿಕವಾದ ತೂಕವಿದೆ; ಭಕ್ತಿಯಿಂದ ಮಾಡಿದುದಕ್ಕೆ ಬೆಲೆ ಕಟ್ಟಬಾರದೆಂಬ ಸಂಕೋಚವೂ ಸಹಜ. ಆದರೆ ಧರ್ಮಸಭೆಯ ಸ್ವಂತ ನಿಯಮವೇ ಈ ಸಂಕೋಚವನ್ನು ಪರಿಹರಿಸುತ್ತದೆ. ೧೮೯೧ರಲ್ಲಿ ಪೋಪ್ ೧೩ನೆಯ ಲಿಯೋ ಕಾರ್ಮಿಕರ ನ್ಯಾಯವಾದ ಕೂಲಿಯನ್ನು ಕುರಿತು ಸುತ್ತೋಲೆ ಹೊರಡಿಸಿದರು. ೧೯೮೩ರ ಕ್ಯಾಥೊಲಿಕ್ ಕಾನೂನು ಸಂಹಿತೆಯ ೨೩೧ನೆಯ ವಿಧಿಯು, ಚರ್ಚಿನ ವಿಶೇಷ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡ ಗೃಹಸ್ಥರಿಗೆ ತಮ್ಮ ಮತ್ತು ಕುಟುಂಬದ ಅಗತ್ಯಗಳಿಗೆ ತಕ್ಕ ಪ್ರತಿಫಲದ ಹಕ್ಕಿದೆಯೆನ್ನುತ್ತದೆ; ೧೨೮೬ನೆಯ ವಿಧಿಯು ದುಡಿಯುವವರಿಗೆ ನ್ಯಾಯವಾದ ವೇತನವನ್ನು ಕೊಡುವ ಹೊಣೆಯನ್ನು ಆಸ್ತಿಯ ಆಡಳಿತಗಾರರ ಮೇಲೆ ಹೊರಿಸುತ್ತದೆ. ೧೯೬೩ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದ ಹಾಸನ ಜಿಲ್ಲೆಯ ಚರ್ಚುಗಳಿಗೂ ಈ ಸಂಹಿತೆಯೇ ಪ್ರಮಾಣ. ನಾಡಿನ ಕಾನೂನೂ ಇದಕ್ಕೆ ದೂರವಾಗಿಲ್ಲ. ದೆಹಲಿಯ ಫ್ರ್ಯಾಂಕ್ ಆಂಟನಿ ಶಾಲೆಯ ನೌಕರರ ಮೊಕದ್ದಮೆಯಲ್ಲಿ, ೧೯೮೬ರಲ್ಲಿ, ಉಪಾಧ್ಯಾಯರಿಗೆ ಸರಿಸಮಾನ ವೇತನವನ್ನು ಕೊಡಬೇಕೆನ್ನುವುದು ಅಲ್ಪಸಂಖ್ಯಾತರ ಆಡಳಿತದ ಹಕ್ಕಿಗೆ ಭಂಗವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಹಾಗಾದರೆ ಭಾನುವಾರ ಒಂದು ಗಂಟೆ ಮಕ್ಕಳಿಗೆ ಹಾಡು ಕಲಿಸುವವರಿಗೂ ಸಂಬಳ ಸಲ್ಲಬೇಕೆ? ಹಾಗೆಂದು ನಾವು ಹೇಳುವುದಿಲ್ಲ. ಸೇವೆಯನ್ನೂ ದುಡಿಮೆಯನ್ನೂ ಬೇರ್ಪಡಿಸಲು ಮೂರು ಪ್ರಶ್ನೆಗಳು ಸಾಕು. ಕೆಲಸದ ವೇಳೆಯನ್ನು ಗೊತ್ತುಮಾಡುವವರು ಯಾರು? ತಪ್ಪಿದಾಗ ಲೆಕ್ಕ ಕೇಳುವವರುಂಟೆ? ಈ ಕೆಲಸದಿಂದ ಬೇರೆ ಜೀವನೋಪಾಯಕ್ಕೆ ಅಡ್ಡಿಯಾಗುವುದೆ? ತಾನಾಗಿ ಬಂದು, ತಾನಾಗಿ ಬಿಡಬಲ್ಲವನದು ಸೇವೆ. ವಾರವೆಲ್ಲ ಮಕ್ಕಳ ಊಟ, ಪಾಠ, ಹಾಜರಿ ಪುಸ್ತಕಗಳ ಹೊಣೆ ಹೊತ್ತು, ಕೊಯ್ಲಿನ ದಿನದ ಕೂಲಿಯನ್ನೂ ಬಿಟ್ಟು ಬರುವವಳದು ದುಡಿಮೆ. ಅದಕ್ಕೆ ಸೇವೆಯೆಂದು ಹೆಸರಿಟ್ಟ ಮಾತ್ರದಿಂದ ಆಕೆಯ ಒಲೆ ಉರಿಯಲಾರದು.

ಬೆಟ್ಟದ ಸಣ್ಣ ಸಭೆಗಳಿಗೆ ಇಷ್ಟು ಹಣ ಎಲ್ಲಿಯದು ಎಂಬ ಆಕ್ಷೇಪವನ್ನು ಅಲಕ್ಷಿಸುವಂತಿಲ್ಲ. ಕೂಲಿಯವರ ಕಾಣಿಕೆಯಿಂದ ನಡೆಯುವ ಚರ್ಚಿಗೆ ಅದು ನಿಜವಾದ ಕಷ್ಟವೇ. ಆದರೆ ಎರಡು ಮೂರು ಸಭೆಗಳು ಕೂಡಿ ಒಬ್ಬರನ್ನು ನೇಮಿಸಿಕೊಳ್ಳಬಹುದು. ಧರ್ಮಕ್ಷೇತ್ರವು ಒಂದು ಪಾಲನ್ನು ಭರಿಸಬಹುದು. ಅದೂ ಆಗದಿದ್ದರೆ ಕೊಡಬಲ್ಲ ಹಣಕ್ಕೆ ತಕ್ಕಷ್ಟೇ ಕೆಲಸವನ್ನು ಕೇಳಬಹುದು. ಪೂರ್ಣ ಕೆಲಸವನ್ನು ಪಡೆದು ಅರೆ ಪ್ರತಿಫಲವನ್ನು ಕೊಡುವುದಾದರೆ, ಉಳಿದರ್ಧವನ್ನು ದಾನಮಾಡುತ್ತಿರುವವರು ಆ ಕೆಲಸದವರೇ ಹೊರತು ಸಂಸ್ಥೆಯಲ್ಲ. ಆ ದಾನವು ಅವರ ಇಚ್ಛೆಯಿಂದ ನಡೆದಿದೆಯೇ ಎಂದು ಅವರನ್ನೇ ಕೇಳುವುದು ನ್ಯಾಯದ ಮೊದಲ ಹೆಜ್ಜೆಯೆಂದು ನಾವು ಭಾವಿಸುತ್ತೇವೆ.