ಹೊಲ ಮಾರದೆ ಬಾಡಿಗೆಗೆ ಕೊಟ್ಟವರು

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಎಕರೆಗಟ್ಟಲೆ ಹೊಲವಿದ್ದವರೂ ಬೆಂಗಳೂರಿಗೆ ಕೂಲಿಗೆ ಹೋದದ್ದುಂಟು. ಮಳೆ ನಂಬುವಂತಿಲ್ಲ, ಬೋರ್‌ವೆಲ್ ಕೊರೆಸಿದರೆ ಫ್ಲೋರೈಡ್ ನೀರು. ಕಡಲೆಕಾಯಿ ಬಿತ್ತಿದವರಿಗೆ ಬೀಜದ ದುಡ್ಡು ಹುಟ್ಟಿದರೆ ಅದೇ ಹೆಚ್ಚು. ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕುಗಳಿಗೆ ಬರದ ಪರಿಚಯವಿದೆ. ಆದರೆ ಶಿರಾ, ಕೊರಟಗೆರೆಯವರಿಗಿಂತ ಪಾವಗಡದವರು ಅದನ್ನು ಹೆಚ್ಚು ಹತ್ತಿರದಿಂದ ಕಂಡವರು.

ಅಂಥ ನೆಲವನ್ನು ಬಾಡಿಗೆಗೆ ಕೇಳಿಕೊಂಡು ಬಂದದ್ದು ಸರ್ಕಾರಿ ಸಂಸ್ಥೆ. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಎರಡು ಸಂಸ್ಥೆಗಳು ಕೂಡಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕಟ್ಟಿದವು. ಭೂಸ್ವಾಧೀನದ ನೋಟಿಸು ಕಳಿಸುವ ಬದಲು ಅದು ಗುತ್ತಿಗೆ ಕರಾರು ಮುಂದಿಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಅವಧಿ 28 ವರ್ಷ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುತ್ತ ಸುಮಾರು 13,000 ಎಕರೆ ಒಟ್ಟುಗೂಡಿತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಲ್ಲಿ ‘ಶಕ್ತಿ ಸ್ಥಳ’ ಎಂಬ ಸೋಲಾರ್ ಪಾರ್ಕನ್ನು ಉದ್ಘಾಟಿಸಿದರು. ಮುಂದೆ ಅದರ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು.

ಮೊದಮೊದಲು ರೈತರು ಅನುಮಾನಪಟ್ಟರೆ ಆಶ್ಚರ್ಯವಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತ್ತು. ಹೊಲ ಒಮ್ಮೆ ಇನ್ನೊಬ್ಬರ ಕೈಗೆ ಹೋದರೆ ಪಹಣಿಯೂ ಹೋದೀತೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಆರಿಲ್ಲ. ಬರವಣಿಗೆಯಲ್ಲಿ ಬಾಡಿಗೆ ಪಡೆದು, ಒಡೆತನವನ್ನೂ ಉಳಿಸಿಕೊಳ್ಳುವುದು ಬಹಳ ಮಂದಿಗೆ ಹೊಸ ಅನುಭವ.

ಇಲ್ಲಿ ಮೆಚ್ಚಬೇಕಾದದ್ದು ಮಧ್ಯವರ್ತಿಯ ಲೆಕ್ಕ. ನಗರದಲ್ಲಿ ಮನೆ ಬಾಡಿಗೆಗೆ ಕೊಡಿಸಿದ ಬ್ರೋಕರ್ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಕೇಳುವುದು ರೂಢಿ. ಪಾವಗಡದಲ್ಲಿ ಆ ನಡುವಿನ ಜಾಗದಲ್ಲಿ ನಿಂತದ್ದು ಕಾರ್ಪೊರೇಷನ್. ಅದು ರೈತರಿಂದ ಜಮೀನು ಗುತ್ತಿಗೆಗೆ ಪಡೆದು ವಿದ್ಯುತ್ ಕಂಪನಿಗಳಿಗೆ ಒಳಗುತ್ತಿಗೆ ಕೊಡುತ್ತದೆ. ರಸ್ತೆ, ಸಬ್‌ಸ್ಟೇಷನ್, ನಿರ್ವಹಣೆಯ ಶುಲ್ಕವನ್ನು ಕಂಪನಿಗಳಿಂದಲೇ ವಸೂಲು ಮಾಡುತ್ತದೆ. ಅಂದರೆ ನಡುವಿನವರ ಖರ್ಚು ಹೊಲದ ಒಡೆಯನ ಬಾಡಿಗೆಯಿಂದ ಕಡಿತವಾಗುವುದಿಲ್ಲ. ಕಂಪನಿಯೊಡನೆ ಒಬ್ಬೊಬ್ಬ ರೈತನೂ ಬೇರೆಬೇರೆ ಚೌಕಾಸಿ ಮಾಡಬೇಕಾಗಿದ್ದರೆ ಎರಡೆಕರೆಯವನಿಗೂ ಇಪ್ಪತ್ತೆಕರೆಯವನಿಗೂ ಒಂದೇ ದರ ಸಿಗುತ್ತಿರಲಿಲ್ಲ.

ಏರಿಕೆಯ ಷರತ್ತು ಮಾತ್ರ ರೈತನ ಕಡೆಗಿಲ್ಲ. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಸುಮಾರು ಎರಡೂವರೆ. ಹಿಂದಿನ ಮೊತ್ತದ ಮೇಲೆಯೇ ಸೇರಿಸುತ್ತ ಹೋದರೂ ಕೊನೆಯ ಎರಡು ವರ್ಷಗಳಲ್ಲಿ ಬಾಡಿಗೆ ಸುಮಾರು 39,600 ರೂಪಾಯಿ ಆದೀತು. ರಿಸರ್ವ್ ಬ್ಯಾಂಕ್ ಗುರಿಯಾಗಿಟ್ಟುಕೊಂಡಿರುವ ಶೇ 4ರ ದರದಲ್ಲೇ ಬೆಲೆಗಳು ಏರಿದರೆ, ಕರಾರಿನ ಆರಂಭದ ಬೆಲೆಗಳಲ್ಲಿ ಆ ಹಣದ ಬೆಲೆ ಬರೀ 14,300 ರೂಪಾಯಿ. ಅಂಕಿ ದೊಡ್ಡದಾಗುತ್ತಲೇ ಬಾಡಿಗೆ ಕರಗುತ್ತದೆ. ಇಷ್ಟು ದೀರ್ಘ ಕರಾರಿಗೆ ರುಜು ಹಾಕಿದವನಿಗೆ ನಡುವೆ ದರ ಕೇಳುವ ಅವಕಾಶ ಬೇಕಿತ್ತು.

ಇನ್ನೊಂದು ಅನ್ಯಾಯ ಕರಾರಿನ ಹೊರಗೇ ಉಳಿಯಿತು. ಬಾಡಿಗೆ ಬರುವುದು ಜಮೀನು ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ ಭೂಹೀನರಿಗೆ ಕೆಲಸ ಹೋಯಿತು, ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡಬಂತು. ಅನುಭವದಲ್ಲಿದ್ದರೂ ದಾಖಲೆ ಸರಿಯಿಲ್ಲದ ಬಡ ರೈತರದೂ ಇದೇ ಪಾಡು.

ಸೋಲಾರ್ ಪಾರ್ಕನ್ನು ವಿಸ್ತರಿಸುವ ಯೋಜನೆ ಸರ್ಕಾರದ ಮುಂದಿದೆ. ಹೊಸ ಕರಾರು ಬರೆಯುವಾಗ ಬಾಡಿಗೆಯನ್ನು ಬೆಲೆಯೇರಿಕೆಗೆ ಕಟ್ಟುವುದು, ಪೋಡಿ ಮತ್ತು ಪೌತಿ ಖಾತೆಯ ಕೆಲಸವನ್ನು ಸಹಿಗೆ ಮೊದಲೇ ಸರ್ಕಾರಿ ಖರ್ಚಿನಲ್ಲಿ ಮುಗಿಸುವುದು ಅಗತ್ಯ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಅಳಿಸಿಹೋದ ಬದುಗಳನ್ನು ಅಳೆದು ಹಾಕಿಕೊಡುವ ಖರ್ಚು ಯಾರದೆಂಬುದನ್ನೂ ಅದೇ ಕಾಗದದಲ್ಲಿ, ರೈತ ಓದಬಲ್ಲ ಕನ್ನಡದಲ್ಲಿ ಬರೆಯಬೇಕು.