ಉಪ್ಪುನೀರಿನ ಗದ್ದೆಯಲ್ಲಿ ಭತ್ತ ಬೆಳೆಯುವುದು ಹೇಗೆ?

ಪ್ರಶ್ನೆ: ಕಾಶಿಯಲ್ಲಿ ಗಂಗೆ ಇಳಿದ ಮೇಲೆ ಮರಳುದಿಣ್ಣೆಯಲ್ಲಿ ಸೌತೆ, ಕಲ್ಲಂಗಡಿ ಬೆಳೆಯುತ್ತಾರೆ. ಸಮುದ್ರದ ನೀರು ನುಗ್ಗುವಲ್ಲಿಯೂ ಬೇಸಾಯ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಯಲ್ಲಿರುವ ಗಜನಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳೇ ಇದಕ್ಕೆ ಸಾಕ್ಷಿ. ಅಲ್ಲಿ ಒಡ್ಡು ಕಟ್ಟಿ ಉಬ್ಬರದ ನೀರನ್ನು ತಡೆಯುತ್ತಾರೆ. ಇಳಿತದ ಹೊತ್ತಿಗೆ ತೂಬಿನ ಹಲಗೆ ಎತ್ತಿ ಒಳಗಿನ ನೀರನ್ನು ಹೊರಬಿಡುತ್ತಾರೆ. ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಬಿತ್ತನೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ ಇದು. ಕೊಯ್ಲಾದ ಬಳಿಕ ಉಬ್ಬರದ ನೀರನ್ನು ಒಳಬಿಟ್ಟರೆ ಸಿಗಡಿ, ಮೀನು ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಮೇವು. ಅವುಗಳ ಮಲ ಮುಂದಿನ ಬೆಳೆಗೆ ಗೊಬ್ಬರ. ಸಿಗಡಿಯ ಲಾಭಕ್ಕೆಂದು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ಈ ಸರಪಳಿಯೇ ಕಡಿಯುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿನ ಮಾಣಿಕಟ್ಟಾ ಊರಿನ ರೈತರು ಉಳಿಸಿಕೊಂಡ ಕಗ್ಗದಕ್ಕಿಯನ್ನು ನಾವು ಕೊಂಡು ಉಂಡರೆ ಗಜನಿಯೂ ಉಳಿಯುತ್ತದೆ.